ಒಂದೇ ಬೀದಿ, ಎರಡು ಹೊಸವರ್ಷ: ಕೊಂಗುನಾಡಿನ ಪಂಚಾಂಗ ಲೆಕ್ಕ

ಕೊಂಗುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಹೊಸವರ್ಷ ಎರಡು ಸಲ ಬರುತ್ತದೆ. ದೇವಾಂಗ ನೇಕಾರರು, ಒಕ್ಕಲಿಗರು ಮೊದಲಾದ ಕನ್ನಡ ಮನೆಮಾತಿನ ಜನ ಚೈತ್ರ ಶುದ್ಧ ಪಾಡ್ಯದಂದು ಯುಗಾದಿ ಮಾಡುತ್ತಾರೆ. ಅದೇ ಬೀದಿಯ ತಮಿಳು ಮನೆಗಳಲ್ಲಿ ವರ್ಷ ಹುಟ್ಟುವುದು ಸೂರ್ಯ ಮೇಷ ರಾಶಿಗೆ ಕಾಲಿಟ್ಟಾಗ, ಚಿತ್ತಿರೈ ತಿಂಗಳ ಒಂದನೇ ದಿನ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದರೆ ಚಿತ್ತಿರೈ ಒಂದು ಏಪ್ರಿಲ್ 14ಕ್ಕೆ ಬಂತು. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೇ ಸರಿಯಿತು. ತಮಿಳು ವರ್ಷ ಮಾತ್ರ ಏಪ್ರಿಲ್ 14ರಿಂದ ಕದಲಲಿಲ್ಲ. ಸಂವತ್ಸರದ ಹೆಸರು ಇಬ್ಬರಿಗೂ ಒಂದೇ ಆದರೂ ಅದನ್ನು ಬದಲಿಸುವ ದಿನ ಬೇರೆ. ಹಾಗಾಗಿ 2026ರ ಆ ಮೂರೂಮುಕ್ಕಾಲು ವಾರ ಒಂದು ಮನೆಯಲ್ಲಿ ಪರಾಭವ ಸಂವತ್ಸರ ನಡೆಯುತ್ತಿದ್ದರೆ ಪಕ್ಕದ ಮನೆಯಲ್ಲಿ ವಿಶ್ವಾವಸು ಇನ್ನೂ ಮುಗಿದಿರಲಿಲ್ಲ. ಪಶ್ಚಿಮಕ್ಕೆ ವಾಳಯಾರ್ ದಾಟಿ ಪಾಲಕ್ಕಾಡಿಗೆ ಹೋದರೆ ಮಲಯಾಳಿಗಳದು ಮತ್ತೊಂದು ನಿಯಮ.

ಕನ್ನಡ ಮತ್ತು ತಮಿಳು ಮನೆಗಳ ಈ ನೆರೆಹೊರೆ ಹಳೆಯದು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಚಂದ್ರನನ್ನು ಹಿಡಿದ ಎಣಿಕೆ ಮತ್ತು ಸೂರ್ಯನನ್ನು ಹಿಡಿದ ಎಣಿಕೆ ಒಂದೇ ಊರಿನಲ್ಲಿ ಹೇಗೆ ಜೊತೆಯಾಗಿ ನಡೆಯುತ್ತವೆ ಎಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ದಿನದ ಆರಂಭ

ಇಂಗ್ಲಿಷ್ ತಾರೀಕು ನಡುರಾತ್ರಿಗೆ ಬದಲಾಗುತ್ತದೆ. ಪಂಚಾಂಗದ ವಾರ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗೆ ನಡೆಯುತ್ತದೆ. ಮಂಗಳವಾರ ಬೆಳಗಿನ ಜಾವ ನಾಲ್ಕಕ್ಕೆ ಹುಟ್ಟಿದ ಮಗುವಿನ ಜಾತಕದಲ್ಲಿ ಸೋಮವಾರ ಎಂದೇ ಬರೆಯುವುದು ಈ ಕಾರಣಕ್ಕೆ.

ಈ ದಿನವನ್ನು 60 ಗಳಿಗೆಗಳಾಗಿ ಭಾಗಿಸುತ್ತಾರೆ. ಒಂದು ಗಳಿಗೆಗೆ 24 ನಿಮಿಷ. ತಮಿಳರು ಇದನ್ನೇ ನಾಳಿಗೈ ಎನ್ನುತ್ತಾರೆ. ಎರಡು ಗಳಿಗೆ ಸೇರಿದರೆ 48 ನಿಮಿಷದ ಒಂದು ಮುಹೂರ್ತ. ಹಗಲು ರಾತ್ರಿ ಕೂಡಿ 30 ಮುಹೂರ್ತ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ತೊಡಗಿ 48 ನಿಮಿಷ ಮೊದಲು ಮುಗಿಯುತ್ತದೆ.

ವಾರಗಳ ಹೆಸರಿನ ಸಾಲಿನ ಹಿಂದೆ ಹೋರೆಯ ಲೆಕ್ಕವಿದೆ. ಆಕಾಶದಲ್ಲಿ ನಿಧಾನವಾಗಿ ಚಲಿಸುವ ಗ್ರಹದಿಂದ ವೇಗದ ಗ್ರಹದವರೆಗೆ ಜೋಡಿಸಿದರೆ ಶನಿ, ಗುರು, ಕುಜ, ಸೂರ್ಯ, ಶುಕ್ರ, ಬುಧ, ಚಂದ್ರ ಎಂಬ ಕ್ರಮ ಸಿಗುತ್ತದೆ. ದಿನದ 24 ಹೋರೆಗಳನ್ನು ಇದೇ ಸರದಿಯಲ್ಲಿ ಈ ಏಳಕ್ಕೂ ಹಂಚುತ್ತಾರೆ. ಭಾನುವಾರದ ಮೊದಲ ಹೋರೆ ಸೂರ್ಯನದಾದರೆ ಇಪ್ಪತ್ತೈದನೆಯದು ಚಂದ್ರನದು. ಆದ್ದರಿಂದ ಮರುದಿನ ಸೋಮವಾರ. ಭಾರತದ ಶಾಸನಗಳಲ್ಲಿ ವಾರದ ಹೆಸರಿನೊಂದಿಗೆ ಕಾಲ ಹೇಳಿರುವ ಬಹು ಹಳೆಯ ಉದಾಹರಣೆ ಮಧ್ಯಪ್ರದೇಶದ ಏರಣ್‌ನಲ್ಲಿರುವ ಗುಪ್ತರ ಕಾಲದ ಸ್ತಂಭ. ಅದು ಕ್ರಿ.ಶ. 484ರ ಒಂದು ಗುರುವಾರವನ್ನು ಹೇಳುತ್ತದೆ.

ಐದು ಅಂಗಗಳು

ವಾರ, ತಿಥಿ, ನಕ್ಷತ್ರ, ಯೋಗ, ಕರಣ ಈ ಐದೂ ಸೇರಿದ್ದು ಪಂಚಾಂಗ. ವಾರವನ್ನು ಬಿಟ್ಟರೆ ಉಳಿದ ನಾಲ್ಕೂ ಸೂರ್ಯಚಂದ್ರರು ಆಕಾಶದಲ್ಲಿ ಇರುವ ಜಾಗವನ್ನು ಅಳೆದು ಬಂದವು.

ಚಂದ್ರ ಸೂರ್ಯನನ್ನು 12 ಡಿಗ್ರಿಯಷ್ಟು ಹಿಂದೆ ಹಾಕಲು ಹಿಡಿಯುವ ಕಾಲ ಒಂದು ತಿಥಿ. 360 ಡಿಗ್ರಿಗೆ 30 ತಿಥಿ: ಅಮಾವಾಸ್ಯೆಯ ನಂತರ ಶುಕ್ಲಪಕ್ಷದ 15, ಹುಣ್ಣಿಮೆಯ ನಂತರ ಕೃಷ್ಣಪಕ್ಷದ 15. ತಿಥಿಯ ಸರಾಸರಿ ಅವಧಿ 23 ಗಂಟೆ 37 ನಿಮಿಷ. ಆದರೆ ಚಂದ್ರನ ವೇಗ ಸಮವಾಗಿಲ್ಲ. ಭೂಮಿಗೆ ಹತ್ತಿರವಿರುವಾಗ ಅವನು ಬೇಗ ಓಡುತ್ತಾನೆ, ದೂರವಿರುವಾಗ ನಿಧಾನವಾಗುತ್ತಾನೆ. ಹೀಗಾಗಿ ತಿಥಿ ಸುಮಾರು 20 ಗಂಟೆಗೆ ಮುಗಿಯಲೂಬಹುದು, 26 ಗಂಟೆಯನ್ನು ಮೀರಲೂಬಹುದು.

ಸೂರ್ಯೋದಯದ ಹೊತ್ತಿಗೆ ಇರುವ ತಿಥಿಯೇ ಆ ದಿನದ ತಿಥಿ. ಎರಡು ಸೂರ್ಯೋದಯಗಳನ್ನು ಮುಟ್ಟುವಷ್ಟು ಉದ್ದವಾದ ತಿಥಿ ಎರಡು ದಿನ ಲೆಕ್ಕಕ್ಕೆ ಬರುತ್ತದೆ, ಅದು ತಿಥಿವೃದ್ಧಿ. ಒಂದು ಸೂರ್ಯೋದಯದ ನಂತರ ಹುಟ್ಟಿ ಮುಂದಿನದಕ್ಕಿಂತ ಮೊದಲೇ ಮುಗಿದ ತಿಥಿ ಯಾವ ದಿನಕ್ಕೂ ಸೇರದು, ಅದು ತಿಥಿಕ್ಷಯ. ಚೌತಿಯ ಮರುದಿನ ಒಮ್ಮೊಮ್ಮೆ ಷಷ್ಠಿ ಕಾಣುವುದು ಇದರಿಂದಲೇ ಹೊರತು ಅಚ್ಚಿನ ತಪ್ಪಿನಿಂದಲ್ಲ.

ಚಂದ್ರನ ದಾರಿಯನ್ನು 27 ಸಮಭಾಗ ಮಾಡಿದರೆ ಪ್ರತಿ ಭಾಗಕ್ಕೆ 13 ಡಿಗ್ರಿ 20 ಕಲೆ. ಅಶ್ವಿನಿಯಿಂದ ರೇವತಿಯವರೆಗಿನ ಈ ಭಾಗಗಳಲ್ಲಿ ಚಂದ್ರ ಯಾವುದರಲ್ಲಿ ಇದ್ದಾನೋ ಅದು ದಿನದ ನಕ್ಷತ್ರ. ಸೂರ್ಯ ಮತ್ತು ಚಂದ್ರರ ಸ್ಥಾನಗಳನ್ನು ಕೂಡಿಸಿ, ಮೊತ್ತವನ್ನು ಅದೇ 13 ಡಿಗ್ರಿ 20 ಕಲೆಯಿಂದ ಭಾಗಿಸಿದರೆ ವಿಷ್ಕಂಭದಿಂದ ವೈಧೃತಿಯವರೆಗಿನ 27 ಯೋಗಗಳಲ್ಲಿ ಒಂದು ಸಿಗುತ್ತದೆ. ತಿಥಿಯ ಅರ್ಧ ಕರಣ. ತಿಂಗಳಿಗೆ 60 ಕರಣಗಳಿದ್ದರೂ ಹೆಸರು ಹನ್ನೊಂದೇ: ಬವದಿಂದ ವಿಷ್ಟಿಯವರೆಗಿನ ಏಳು ಎಂಟೆಂಟು ಸಲ ಸುತ್ತಿ ಬರುತ್ತವೆ, ಶಕುನಿ, ಚತುಷ್ಪಾದ, ನಾಗ, ಕಿಂಸ್ತುಘ್ನ ಎಂಬ ನಾಲ್ಕು ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೊಂದೇ ಸಲ ಬರುತ್ತವೆ.

ತಿಂಗಳು: ಚಂದ್ರನದು, ಸೂರ್ಯನದು

ಕನ್ನಡಿಗರ ತಿಂಗಳು ಅಮಾವಾಸ್ಯೆಗೆ ಮುಗಿಯುವ ಚಾಂದ್ರಮಾಸ. ತಮಿಳರ ತಿಂಗಳು ಸೂರ್ಯ ಒಂದು ರಾಶಿಯಲ್ಲಿ ಇರುವಷ್ಟು ಕಾಲದ ಸೌರಮಾಸ. ಸೂರ್ಯ ರಾಶಿ ಬದಲಿಸುವ ಗಳಿಗೆ ಸಂಕ್ರಾಂತಿ. ಅದು ಹಗಲು ರಾತ್ರಿ ಎನ್ನದೆ ಯಾವ ಹೊತ್ತಿನಲ್ಲಾದರೂ ಆಗಬಹುದಾದ್ದರಿಂದ ತಿಂಗಳ ಮೊದಲ ದಿನವನ್ನು ಗೊತ್ತುಮಾಡಲು ನಿಯಮ ಬೇಕಾಗುತ್ತದೆ. ತಮಿಳು ಪದ್ಧತಿಯಲ್ಲಿ ಸಂಕ್ರಾಂತಿ ಸೂರ್ಯಾಸ್ತಕ್ಕೆ ಮೊದಲೇ ಆದರೆ ಆ ದಿನವೇ ಒಂದನೇ ತಾರೀಕು. ಅಸ್ತದ ನಂತರವಾದರೆ ಮರುದಿನ. 2023ರಲ್ಲಿ ಸೂರ್ಯ ಮಕರಕ್ಕೆ ಬಂದದ್ದು ಜನವರಿ 14ರ ರಾತ್ರಿ, ಹಾಗಾಗಿ ಪೊಂಗಲ್ 15ಕ್ಕೆ ಹೋಯಿತು. 2025ರಲ್ಲಿ ಬೆಳಿಗ್ಗೆಯೇ ಬಂದದ್ದರಿಂದ 14ಕ್ಕೇ ಉಳಿಯಿತು.

ಕೇರಳದಲ್ಲಿ ಗಡಿ ಸೂರ್ಯಾಸ್ತವಲ್ಲ. ಹಗಲಿನ ಐದು ಪಾಲಿನಲ್ಲಿ ಮೂರು ಕಳೆಯುವ ಹೊತ್ತು, ಅಂದರೆ ಸುಮಾರು ಮಧ್ಯಾಹ್ನ ಒಂದೂಕಾಲು, ಅಲ್ಲಿನ ಗಡಿ. 2023ರ ಏಪ್ರಿಲ್ 14ರಂದು ಮೇಷ ಸಂಕ್ರಾಂತಿ ಆದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಅದು ಸೂರ್ಯಾಸ್ತಕ್ಕೆ ಮೊದಲು, ಆದರೆ ಕೇರಳದ ಗಡಿ ದಾಟಿದ ಮೇಲೆ. ಆದ್ದರಿಂದ ಕೊಯಮತ್ತೂರಿನಲ್ಲಿ ಅಂದೇ ತಮಿಳು ಹೊಸವರ್ಷ, ವಾಳಯಾರ್ ಆಚೆ ಮರುದಿನ ವಿಷು. ಸೂರ್ಯ ಒಬ್ಬನೇ, ಸಂಕ್ರಾಂತಿಯ ಗಳಿಗೆಯೂ ಒಂದೇ; ಬೇರೆಯಾದದ್ದು ಎರಡು ನಾಡುಗಳ ವಾಡಿಕೆ ಮಾತ್ರ.

ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕಿಂತ ಇದು 11 ದಿನ ಕಡಿಮೆ. ಹಾಗೇ ಬಿಟ್ಟರೆ ಯುಗಾದಿ ಬೇಸಿಗೆಯಿಂದ ಜಾರಿ ಚಳಿಗಾಲಕ್ಕೆ ಹೋಗುತ್ತದೆ. ಇದನ್ನು ತಡೆಯುವುದು ಅಧಿಕಮಾಸ. ಸಂಕ್ರಾಂತಿಯೇ ಬೀಳದ ಚಾಂದ್ರಮಾಸವನ್ನು ಅಧಿಕ ಎಂದು ಕರೆದು ಮುಂದಿನ ಮಾಸದ ಹೆಸರನ್ನೇ ಅದಕ್ಕೆ ಕೊಡುತ್ತಾರೆ. 19 ವರ್ಷಗಳಲ್ಲಿ ಇಂಥವು ಏಳು ಬರುತ್ತವೆ. ಬಹು ಅಪರೂಪಕ್ಕೆ ಒಂದೇ ಚಾಂದ್ರಮಾಸದಲ್ಲಿ ಎರಡು ಸಂಕ್ರಾಂತಿ ಬಿದ್ದು ಒಂದು ಮಾಸವೇ ಲೋಪವಾಗುತ್ತದೆ. ಅಂಥ ಕ್ಷಯಮಾಸ 1963–64ರಲ್ಲೂ 1982–83ರಲ್ಲೂ ಬಂದಿತ್ತು.

ಎರಡು ಲೆಕ್ಕಗಳ ನಂಟನ್ನು 2023ರ ಮಳೆಗಾಲ ಚೆನ್ನಾಗಿ ತೋರಿಸಿಕೊಟ್ಟಿತು. ಆ ವರ್ಷ ತಮಿಳರ ಆಡಿ ತಿಂಗಳು ಜುಲೈ 17ರಂದು ತೊಡಗಿತು; ಆ ದಿನವೇ ಅಮಾವಾಸ್ಯೆ. ಇನ್ನೊಂದು ಅಮಾವಾಸ್ಯೆ ಆಗಸ್ಟ್ 16ಕ್ಕೆ, ಆಡಿ ಮುಗಿಯುವ ಮೊದಲೇ ಬಂತು. ಎರಡು ಅಮಾವಾಸ್ಯೆಗಳ ನಡುವೆ ಸಂಕ್ರಾಂತಿ ಇರಲಿಲ್ಲವಾದ್ದರಿಂದ ಕನ್ನಡ ಪಂಚಾಂಗದಲ್ಲಿ ಅದು ಅಧಿಕ ಶ್ರಾವಣವಾಯಿತು. ತಮಿಳು ಕ್ಯಾಲೆಂಡರಿನಲ್ಲಿ ತಿಂಗಳು ಹೆಚ್ಚಾಗಲಿಲ್ಲ. ಬದಲಿಗೆ ಆಡಿ ಅಮಾವಾಸ್ಯೆ ಯಾವುದು ಎಂಬ ಪ್ರಶ್ನೆ ಎದ್ದಿತು, ಎರಡನೆಯದನ್ನು ಆಚರಿಸಿದರು. ಪೇರೂರಿನ ನೊಯ್ಯಲ್ ದಡದಲ್ಲಿ ಪಿತೃತರ್ಪಣಕ್ಕೆ, ಉಡುಮಲೈ ಬಳಿಯ ತಿರುಮೂರ್ತಿ ಬೆಟ್ಟದ ಅಮಣಲಿಂಗೇಶ್ವರನ ದರ್ಶನಕ್ಕೆ ಸಾವಿರಾರು ಜನ ಸೇರುವ ದಿನವದು.

ಹಾಗೆಂದು ಕನ್ನಡಿಗರದು ಬರೀ ಚಂದ್ರನ ಲೆಕ್ಕ, ತಮಿಳರದು ಬರೀ ಸೂರ್ಯನ ಲೆಕ್ಕ ಎನ್ನುವಂತಿಲ್ಲ. ಕನ್ನಡ ರೈತರು ಮಳೆಯನ್ನು ಎಣಿಸುವುದು ಸೂರ್ಯನ ನಕ್ಷತ್ರದಿಂದ. ಅಶ್ವಿನಿ, ಭರಣಿ, ಮೃಗಶಿರಾ, ಆರಿದ್ರಾ ಎಂದು ಹೆಸರಿಸುವ ಒಂದೊಂದು ಮಳೆಯೂ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಮಕರ ಸಂಕ್ರಾಂತಿಯೂ ಸೂರ್ಯನ ಹಬ್ಬವೇ. ಇತ್ತ ತಮಿಳರ ದೀಪಾವಳಿ, ಅಮಾವಾಸ್ಯೆ, ಏಕಾದಶಿಗಳು ಚಂದ್ರನ ತಿಥಿಯನ್ನು ಅನುಸರಿಸುತ್ತವೆ.

ಹಬ್ಬದ ದಿನ ಗೊತ್ತಾಗುವ ಬಗೆ

ಕನ್ನಡಿಗರ ಹಬ್ಬಗಳು ಬಹುಪಾಲು ಚಾಂದ್ರಮಾಸ ಮತ್ತು ತಿಥಿಯ ಜೋಡಿ: ಭಾದ್ರಪದ ಶುದ್ಧ ಚೌತಿ, ಆಶ್ವಯುಜ ಶುದ್ಧ ದಶಮಿ. ತಮಿಳು ದೇವಾಲಯಗಳ ಉತ್ಸವಗಳು ಬಹುಪಾಲು ಸೌರಮಾಸ ಮತ್ತು ನಕ್ಷತ್ರದ ಜೋಡಿ. ಮರುದಮಲೈ ಸುಬ್ರಹ್ಮಣ್ಯನ ತೈಪೂಸಕ್ಕೆ ತೈ ತಿಂಗಳ ಪುಷ್ಯ ನಕ್ಷತ್ರ. 2025ರಲ್ಲಿ ಅದು ಫೆಬ್ರವರಿ 11ಕ್ಕೆ ಬಂತು. ಪೇರೂರು ಪಟ್ಟೀಶ್ವರನಿಗೆ ಪಂಗುನಿ ತಿಂಗಳ ಉತ್ತರಾ, ಕಾರಮಡೈ ರಂಗನಾಥನ ತೇರಿಗೆ ಮಾಸಿ ತಿಂಗಳ ಮಘಾ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರಿನ ರಾಶಿಯಲ್ಲಿ ಇರುತ್ತಾನಾದ್ದರಿಂದ ಈ ನಕ್ಷತ್ರಗಳು ಹುಣ್ಣಿಮೆಯ ಆಸುಪಾಸಿಗೇ ಬರುತ್ತವೆ. ಆಡಿಪ್ಪೆರುಕ್ಕು ಮಾತ್ರ ಚಂದ್ರನ ಕಡೆ ನೋಡುವುದೇ ಇಲ್ಲ. ಆಡಿ ಹದಿನೆಂಟನೇ ದಿನಕ್ಕೆ ನೊಯ್ಯಲ್, ಅಮರಾವತಿ ನದಿಗಳಲ್ಲಿ ಹೊಸನೀರಿಗೆ ಪೂಜೆ.

ಕೊಯಮತ್ತೂರಿನ ರಾಜಬೀದಿಯ ಸೌಡೇಶ್ವರಿ ಅಮ್ಮನಿಗೆ ದೇವಾಂಗರು ವಿಜಯದಶಮಿಯಂದು ಕತ್ತಿ ಸೇವೆ ಸಲ್ಲಿಸುತ್ತಾರೆ. ಇದು ತಿಥಿಯ ಹಬ್ಬವಾದ್ದರಿಂದ ತಮಿಳು ತಿಂಗಳುಗಳ ನಡುವೆ ಓಡಾಡುತ್ತದೆ. 2023ರಲ್ಲಿ ಅಕ್ಟೋಬರ್ 24ಕ್ಕೆ, ಐಪ್ಪಸಿಯಲ್ಲಿ ಬಂದರೆ 2025ರಲ್ಲಿ ಅಕ್ಟೋಬರ್ 2ಕ್ಕೆ, ಪುರಟ್ಟಾಸಿಯಲ್ಲಿ ಬಂತು.

ತಿಥಿ ಎರಡು ದಿನಗಳಿಗೆ ಹಂಚಿಹೋದಾಗ ಹಬ್ಬ ಯಾವ ದಿನ? ಅದಕ್ಕೆ ಪ್ರತಿ ಹಬ್ಬಕ್ಕೂ ಅದರದೇ ಹೊತ್ತಿದೆ. ಗಣೇಶ ಚೌತಿಗೆ, ರಾಮನವಮಿಗೆ ಮಧ್ಯಾಹ್ನದಲ್ಲಿ ತಿಥಿ ಇರಬೇಕು; ಶಿವರಾತ್ರಿಗೆ ನಡುರಾತ್ರಿಯಲ್ಲಿ; ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಸೂರ್ಯೋದಯದ ಮುಂಚಿನ ಜಾವದಲ್ಲಿ. ಸೂರ್ಯೋದಯದ ತಿಥಿಯನ್ನಷ್ಟೇ ನೋಡಿ ಹಬ್ಬ ನಿಶ್ಚಯಿಸಿದರೆ ಒಂದು ದಿನ ತಪ್ಪುವುದುಂಟು.

ರಾಹುಕಾಲ, ಗೌರಿ ನಲ್ಲನೇರಂ

ಕೊಂಗುನಾಡಿನ ಅಂಗಡಿ, ಮಿಲ್ಲು, ಮನೆಗಳ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ತೂಗುತ್ತದೆ. ತಾರೀಕಿನ ಸುತ್ತ ಅದರಲ್ಲಿ ರಾಹುಕಾಲ, ಯಮಗಂಡ, ಗುಳಿಕ, ನಲ್ಲನೇರಂ (ಒಳ್ಳೆಯ ಹೊತ್ತು), ಶೂಲಂ (ಪ್ರಯಾಣಕ್ಕೆ ಬೇಡವಾದ ದಿಕ್ಕು), ಚಂದ್ರಾಷ್ಟಮ ಎಲ್ಲ ಅಚ್ಚಾಗಿರುತ್ತದೆ.

ರಾಹುಕಾಲದ ಲೆಕ್ಕ ಸರಳ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಪಾಲು ಮಾಡಬೇಕು. ಸೋಮವಾರ ಎರಡನೇ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಬುಧವಾರ ಐದನೆಯದು, ಗುರುವಾರ ಆರನೆಯದು, ಮಂಗಳವಾರ ಏಳನೆಯದು, ಭಾನುವಾರ ಎಂಟನೆಯದು ರಾಹುವಿನದು. ಯಮಗಂಡ ಗುರುವಾರ ಮೊದಲ ಪಾಲಿನಲ್ಲಿ, ಗುಳಿಕ ಶನಿವಾರ ಮೊದಲ ಪಾಲಿನಲ್ಲಿ ಬಂದು, ಉಳಿದ ವಾರಗಳಲ್ಲಿ ತಮ್ಮದೇ ಸರದಿ ಹಿಡಿಯುತ್ತವೆ. ಗೌರಿ ಪಂಚಾಂಗವೂ ಹಗಲನ್ನು ಎಂಟಾಗಿಯೇ ಒಡೆಯುತ್ತದೆ. ಅಮೃತ, ಉತ್ತಿ, ಲಾಭ, ಧನ, ಸುಖ ಎಂಬ ಐದು ಪಾಲು ಒಳ್ಳೆಯವು. ರೋಗ, ಚೋರ, ವಿಷ ಎಂಬ ಮೂರು ಕೆಟ್ಟವು.

ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂದು ಎಲ್ಲರಿಗೂ ಬಾಯಿಪಾಠ. ಆದರೆ ಈ ಹೊತ್ತು ಸರಿಯಾಗುವುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಮಾತ್ರ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕೊಯಮತ್ತೂರು ಇರುವುದು ಸುಮಾರು 77 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿ ಸೂರ್ಯ ಗಡಿಯಾರಕ್ಕಿಂತ ಸರಾಸರಿ 22 ನಿಮಿಷ ಹಿಂದೆ ಇರುತ್ತಾನೆ. ಚೆನ್ನೈಗೆ ಹೋಲಿಸಿದರೂ ಸುಮಾರು 13 ನಿಮಿಷ ಹಿಂದೆ. ಜನವರಿ ಕೊನೆಯಲ್ಲಿ ಕೊಯಮತ್ತೂರಿನಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.25ಕ್ಕೆ. ಹಗಲಿನ 700 ನಿಮಿಷವನ್ನು ಎಂಟರಿಂದ ಭಾಗಿಸಿದರೆ ಒಂದು ಪಾಲಿಗೆ ಎಂಬತ್ತೇಳೂವರೆ ನಿಮಿಷ. ಹಾಗಾದರೆ ಆಗಿನ ಸೋಮವಾರದ ರಾಹುಕಾಲ ಸುಮಾರು 8.12ರಿಂದ 9.40. ಕ್ಯಾಲೆಂಡರ್ ನಂಬಿ ಒಂಬತ್ತಾಯಿತೆಂದು ಕೆಲಸ ತೊಡಗಿದವರು ಶಾಸ್ತ್ರದ ಲೆಕ್ಕದಲ್ಲಿ ರಾಹುಕಾಲದೊಳಗೇ ಇರುತ್ತಾರೆ.

ಅಭಿಜಿನ್ ಮುಹೂರ್ತಕ್ಕೂ ಇದೇ ಮಾತು. ಹಗಲಿನ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದಾದ ಇದರ ನಡುವೆ ನಿಜವಾದ ನಡುಹಗಲು ಬರುತ್ತದೆ. ಕೊಯಮತ್ತೂರಿನಲ್ಲಿ ನಡುಹಗಲು ಸರಾಸರಿ 12.22ಕ್ಕೆ, ಋತುವಿಗೆ ತಕ್ಕಂತೆ ಕಾಲು ಗಂಟೆ ಹಿಂದುಮುಂದಾಗುತ್ತದೆ.

ಮುಹೂರ್ತ ಇಡುವುದು

ಮದುವೆಯ ಮುಹೂರ್ತಕ್ಕೆ ಐದು ಅಂಗಗಳನ್ನೂ ಸೋಸಬೇಕು. ಚೌತಿ, ನವಮಿ, ಚತುರ್ದಶಿಗಳು ರಿಕ್ತಾ ತಿಥಿಗಳಾದ್ದರಿಂದ ಬೇಡ; ಅಷ್ಟಮಿ, ಅಮಾವಾಸ್ಯೆಗಳೂ ಬೇಡ. ವಿವಾಹಕ್ಕೆ ರೋಹಿಣಿ, ಮೃಗಶಿರಾ, ಮಘಾ, ಉತ್ತರಾ, ಹಸ್ತಾ, ಸ್ವಾತಿ, ಅನೂರಾಧಾ, ಮೂಲಾ, ಉತ್ತರಾಷಾಢಾ, ಉತ್ತರಾಭಾದ್ರಾ, ರೇವತಿ ಎಂಬ ಹನ್ನೊಂದು ನಕ್ಷತ್ರಗಳನ್ನು ಹೇಳಿದೆ. ಯೋಗಗಳಲ್ಲಿ ವ್ಯತೀಪಾತ, ವೈಧೃತಿ, ಕರಣಗಳಲ್ಲಿ ಭದ್ರೆ ಎನ್ನುವ ವಿಷ್ಟಿ ವರ್ಜ್ಯ. ಆಮೇಲೆ ವಧೂವರರ ಜನ್ಮನಕ್ಷತ್ರದಿಂದ ಎಣಿಸುವ ತಾರಾಬಲ, ಜನ್ಮರಾಶಿಯಿಂದ ಎಣಿಸುವ ಚಂದ್ರಬಲ. ಚಂದ್ರ ಎಂಟನೇ ರಾಶಿಯಲ್ಲಿರುವ ಎರಡೂಕಾಲು ದಿನ ಚಂದ್ರಾಷ್ಟಮ. ಕೊನೆಗೆ ಲಗ್ನ: ಪೂರ್ವದಲ್ಲಿ ಆಗ ಉದಯಿಸುತ್ತಿರುವ ರಾಶಿ. ಒಂದು ಲಗ್ನ ಸುಮಾರು ಎರಡು ಗಂಟೆ ಇರುತ್ತದೆ, ದಿನಕ್ಕೆ ನಾಲ್ಕು ನಿಮಿಷದಂತೆ ಮೊದಲೇ ಬರುತ್ತದೆ.

ತಿಂಗಳ ಮಾತಿನಲ್ಲಿ ಎರಡು ಪದ್ಧತಿಗಳು ಎದುರಾಗುತ್ತವೆ. ಕನ್ನಡಿಗರಿಗೆ ಆಷಾಢದಲ್ಲಿ ಮದುವೆಯಿಲ್ಲ. ಶ್ರಾವಣ ಬಂದರೆ ಮುಹೂರ್ತ ತೆರೆಯುತ್ತದೆ. ತಮಿಳರಿಗೆ ಆಡಿ, ಪುರಟ್ಟಾಸಿ, ಮಾರ್ಗಳಿ ಬೇಡ; ಆಡಿಯ ಕೊನೆಯ ಭಾಗ ಶ್ರಾವಣದೊಳಗೆ ಬರುತ್ತದೆ, ಅದು ಎಷ್ಟು ದಿನ ಎಂಬುದು ವರ್ಷದಿಂದ ವರ್ಷಕ್ಕೆ ಬೇರೆ. ಎರಡನ್ನೂ ಪಾಲಿಸುವ ಮನೆಗೆ 2025ರಲ್ಲಿ ಜೂನ್ 26ರಿಂದ ಆಗಸ್ಟ್ ಮಧ್ಯದವರೆಗೆ ಮದುವೆಯ ದಿನವೇ ಇರಲಿಲ್ಲ. ಅಮಾವಾಸ್ಯೆಯ ಬಗೆಗೂ ಹೀಗೆಯೇ: ಕನ್ನಡನಾಡಿನಲ್ಲಿ ಹೊಸ ಕೆಲಸಕ್ಕೆ ಅದು ಬೇಡವಾದ ದಿನ, ತಮಿಳರಲ್ಲಿ ಅನೇಕರು ಅದನ್ನು ತುಂಬಿದ ದಿನವೆಂದು ಬಗೆದು ವ್ಯಾಪಾರ ತೊಡಗುತ್ತಾರೆ.

ಒಕ್ಕಲುತನದ, ಕಟ್ಟಡದ ಕೆಲಸಕ್ಕೆ ತಮಿಳು ಕ್ಯಾಲೆಂಡರಿನಲ್ಲಿ ಇನ್ನೊಂದು ಸೂಚನೆ ಇರುತ್ತದೆ. 27 ನಕ್ಷತ್ರಗಳನ್ನು ಒಂಬತ್ತೊಂಬತ್ತರಂತೆ ಮೇಲ್ಮುಖ, ಕೆಳಮುಖ, ಸಮಮುಖ ಎಂದು ಹಂಚಿದೆ. ರೋಹಿಣಿ, ಪುಷ್ಯದಂಥ ಮೇಲ್ಮುಖದ ದಿನ ಗೋಡೆ ಎಬ್ಬಿಸಲು. ಭರಣಿ, ಮೂಲಾದಂಥ ಕೆಳಮುಖದ ದಿನ ಬಾವಿ ತೋಡಲು.

ವಾಕ್ಯ ಮತ್ತು ದೃಕ್

ಒಂದೇ ಊರಿನ ಎರಡು ಪಂಚಾಂಗಗಳು ಒಂದೇ ತಿಥಿಗೆ ಬೇರೆ ಬೇರೆ ಹೊತ್ತು ಹೇಳುವುದಕ್ಕೆ ಕಾರಣ ಗಣಿತದ ಎರಡು ದಾರಿಗಳು. ವಾಕ್ಯ ಪಂಚಾಂಗದ ಬುಡದಲ್ಲಿ ವರರುಚಿಯ ಹೆಸರಿನಲ್ಲಿ ಬಂದ 248 ಚಂದ್ರವಾಕ್ಯಗಳಿವೆ. ಒಂದೊಂದು ವಾಕ್ಯವೂ ಅಕ್ಷರಗಳಲ್ಲಿ ಸಂಖ್ಯೆಯನ್ನು ಅಡಗಿಸಿಟ್ಟುಕೊಂಡು ಚಂದ್ರನ ಸ್ಥಾನವನ್ನು ಹೇಳುತ್ತದೆ. ಹದಿನಾಲ್ಕನೇ ಶತಮಾನದ ಕೇರಳದ ಗಣಿತಜ್ಞ ಸಂಗಮಗ್ರಾಮದ ಮಾಧವ ಅವನ್ನು ಇನ್ನಷ್ಟು ನಿಖರಗೊಳಿಸಿದ. ತಮಿಳುನಾಡಿನ ಪಾಂಬು ಪಂಚಾಂಗ ಇದೇ ಪರಂಪರೆಯದು.

ದೃಕ್ ಎಂದರೆ ಕಣ್ಣಿಗೆ ಕಂಡದ್ದಕ್ಕೆ ಹೊಂದುವ ಗಣಿತ. ಕೇರಳದ ಪರಮೇಶ್ವರ 1431ರಲ್ಲಿ ದೃಗ್ಗಣಿತ ರಚಿಸಿದ. ಹತ್ತೊಂಬತ್ತನೇ ಶತಮಾನದಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ಆಧುನಿಕ ಖಗೋಳ ಲೆಕ್ಕದ ಮೇಲೆ ದೃಗ್ಗಣಿತ ಪಂಚಾಂಗ ಹೊರಡಿಸಿದರು. ತಮಿಳಿನಲ್ಲಿ ಇದು ತಿರುಕ್ಕಣಿತ ಪಂಚಾಂಗ. 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ವರದಿಯಂತೆ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ರಾಷ್ಟ್ರೀಯ ಪಂಚಾಂಗವೂ ದೃಕ್ ಗಣಿತವನ್ನೇ ಅನುಸರಿಸುತ್ತದೆ.

ತಿಥಿಯಲ್ಲಿ ಈ ಎರಡರ ವ್ಯತ್ಯಾಸ ಕೆಲವು ಗಂಟೆಗಳದು. ನಿಧಾನ ಗ್ರಹಗಳಲ್ಲಿ ಅದು ತಿಂಗಳುಗಟ್ಟಲೆ ಬೆಳೆಯುತ್ತದೆ. ದೃಕ್ ಪ್ರಕಾರ ಶನಿ ಕುಂಭಕ್ಕೆ ಬಂದದ್ದು 2023ರ ಜನವರಿ 17ರಂದು. ವಾಕ್ಯವನ್ನು ಅನುಸರಿಸುವ ತಿರುನಳ್ಳಾರಿನ ಶನಿ ದೇವಾಲಯ ಶನಿಪೆಯರ್ಚಿಯನ್ನು, ಅಂದರೆ ಶನಿ ರಾಶಿ ಬದಲಿಸುವ ಉತ್ಸವವನ್ನು, ನಡೆಸಿದ್ದು ಅದೇ ವರ್ಷದ ಡಿಸೆಂಬರ್ 20ರಂದು. ಗ್ರಹ ಆಕಾಶದಲ್ಲಿ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಒಂದೇ, ಅದನ್ನು ಕೊಡುವುದು ದೃಕ್ ಗಣಿತ. ಪೂಜೆ ಯಾವಾಗ ಎಂಬುದು ದೇವಾಲಯದ ಸಂಪ್ರದಾಯಕ್ಕೆ ಸೇರಿದ್ದು.

ಪಂಚಾಂಗದಲ್ಲಿ ಎರಡು ಬಗೆಯ ಮಾತುಗಳಿವೆ ಎಂಬುದನ್ನು ಕೊಂಗುನಾಡಿನ ಈ ಬೀದಿಗಳು ಸ್ಪಷ್ಟಪಡಿಸುತ್ತವೆ. ತಿಥಿ, ನಕ್ಷತ್ರ, ಸಂಕ್ರಾಂತಿ ಇವು ಅಳೆದು ಪರೀಕ್ಷಿಸಬಹುದಾದ ಆಕಾಶದ ಸಂಗತಿಗಳು. ಯಾವ ತಿಂಗಳು ಮದುವೆಗೆ ಆದೀತು, ಯಾವ ಹೊತ್ತು ಪ್ರಯಾಣಕ್ಕೆ ಬೇಡ ಎಂಬುದು ಒಂದೊಂದು ಸಮುದಾಯ ಕಟ್ಟಿಕೊಂಡ ನಡೆ. ಪಕ್ಕದ ಮನೆಯಲ್ಲೇ ಅದು ಬೇರೆಯಾಗಬಹುದು, ಇಬ್ಬರೂ ತಪ್ಪಿಲ್ಲ. ಈ ಲೆಕ್ಕವನ್ನು ಪಾಲಿಸುವವರು ಒಂದನ್ನು ಮರೆಯಬಾರದು: ಪಂಚಾಂಗ ಕೊಳ್ಳುವಾಗ ಅದು ಯಾವ ಊರಿನ ಸೂರ್ಯೋದಯಕ್ಕೆ, ಯಾವ ಗಣಿತದಲ್ಲಿ ಸಿದ್ಧವಾಗಿದೆ ಎಂದು ಮೊದಲ ಪುಟದಲ್ಲೇ ನೋಡಿಕೊಳ್ಳಬೇಕು. ಮೈಸೂರಿಗೋ ಚೆನ್ನೈಗೋ ಹಾಕಿದ ಹೊತ್ತನ್ನು ಕೊಯಮತ್ತೂರಿನಲ್ಲಿ ಬಳಸುವುದಾದರೆ ಊರಿನ ಸೂರ್ಯೋದಯಕ್ಕೆ ತಕ್ಕಂತೆ ತಿದ್ದಿಕೊಂಡೇ ಬಳಸಬೇಕು.